ನಲವತ್ತು ಸಾವಿರದ ಗಾಳಿ

ಲಕ್ಷ್ಮೀಕಾಂತ ಹೆಂಡತಿ ಸ್ವಾತಿಗೆ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಮನೆಗೆ ಹಾಕಿಸುತ್ತಿರುವ ಗಾಳಿ ಮಷೀನಿಗೆ ನಲವತ್ತು ಸಾವಿರ ಅಂದಿದ್ದ. ನಿಜವಾದ ಬೆಲೆ ಎರಡು ಲಕ್ಷ ಹತ್ತು ಸಾವಿರ.

ಇದಕ್ಕೆಲ್ಲ ಮೂಲ ಪಕ್ಕದ ಮನೆಯ ಚಂದ್ರಕ್ಕನ ಕಿವಿ. ಹಿರಿಯೂರಿನ ಆ ಬಡಾವಣೆಯಲ್ಲಿ ಎರಡು ಮನೆಗಳ ನಡುವೆ ಇರುವುದು ಮೂರಡಿ ಸಂದಿ. ಲಕ್ಷ್ಮೀಕಾಂತ ಊಟಕ್ಕೆ ಕೂತು ಸಾರಿಗೆ ಉಪ್ಪು ಕಮ್ಮಿ ಅಂದರೆ, "ನಾನು ಆಗ್ಲೇ ಹೇಳ್ದೆ ಸ್ವಾತಿ" ಎಂದು ಆ ಕಡೆಯ ಅಡುಗೆಮನೆಯಿಂದ ಉತ್ತರ ಬರುತ್ತಿತ್ತು. ಬಬ್ಬೂರಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಈ ಮೆತ್ತನೆಯ ಮನುಷ್ಯನಿಗೆ ತನ್ನ ಮನೆಯ ಮಾತು ತನ್ನ ಮನೆಯಲ್ಲೇ ಇರಬೇಕೆಂಬ ಆಸೆ. ಕಿಟಕಿಗಳನ್ನೆಲ್ಲ ಮುಚ್ಚಿ, ಅವುಗಳ ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿಬಿಟ್ಟ.

ತಿಂಗಳೊಳಗೆ ಮನೆಯಲ್ಲಿ ಹೋದವಾರದ ಒಗ್ಗರಣೆಯ ವಾಸನೆಯೂ ಆಚೆ ಹೋಗದೆ ಉಳಿಯತೊಡಗಿತು. ಸ್ವಾತಿಗೆ ದಿನಾ ತಲೆನೋವು. "ಕಿಟಕಿ ತೆಗೀರಿ, ಇಲ್ಲಾಂದ್ರೆ ನಾನು ಹೊಳಲ್ಕೆರೆಗೆ ಅಮ್ಮನ ಮನೆಗೆ ಹೋಗ್ತೀನಿ" ಎಂದಳು.

ಆಗ ಸಿಕ್ಕವನು ಗಾಳಿ ಮಷೀನು ಮಾರುವ ಚಿತ್ರದುರ್ಗದ ಬೀರೇಶ. "ಕಿಟಕಿ ಮುಚ್ಚೇ ಇರ್ಲಿ ಸಾರ್. ಒಂದು ಪೈಪು ಒಳಗಿನ ಕೆಟ್ಟ ಗಾಳಿ ಆಚೆ ಹಾಕ್ತೈತೆ, ಇನ್ನೊಂದು ಹೊಸ ಗಾಳಿ ಒಳಗೆ ತರ್ತೈತೆ. ಹೋಗೋ ಗಾಳಿಯ ಕಾವನ್ನ ಬರೋ ಗಾಳಿಗೆ ಕೊಡ್ತೈತೆ. ಚಳಿಗಾಲದಾಗೆ ಮನೆ ಬೆಚ್ಚಗಿರ್ತೈತೆ. ಬ್ಯಾಸಿಗೇಲಿ ಏಸಿ ಹಾಕಿದ್ರೆ ತಂಪು ಹಂಗೇ ಉಳೀತೈತೆ" ಎಂದ. ಲಕ್ಷ್ಮೀಕಾಂತನ ಮನೆಯಲ್ಲಿ ಏಸಿ ಇರಲಿಲ್ಲ. ಹಿರಿಯೂರಿನಲ್ಲಿ ಚಳಿಯೂ ಅಷ್ಟಕ್ಕಷ್ಟೆ. ಆದರೆ ಕಿಟಕಿ ಮುಚ್ಚೇ ಇರಲಿ ಎಂಬ ಮೊದಲ ಮಾತಿಗೇ ಅವನು ಸೋತುಹೋಗಿದ್ದ. ಮಷೀನು ಒಂದು ಲಕ್ಷ ಮೂವತ್ತೈದು ಸಾವಿರ, ಪೈಪು ಮೂವತ್ತೈದು, ಗೋಡೆ ಕೊರೆದು ಸೀಲಿಂಗ್ ಕಟ್ಟುವುದಕ್ಕೆ ನಲವತ್ತು.

ದುಡ್ಡು ಬಂದದ್ದು ಚೀಟಿಯಿಂದ. ಎರಡು ವರ್ಷದಿಂದ ಸ್ವಾತಿ ಸೀರೆ, ಸಿನಿಮಾ ಎಲ್ಲ ಬಿಟ್ಟು ನಾಲ್ಕು ಚಿನ್ನದ ಬಳೆಗಾಗಿ ಕಟ್ಟಿಸುತ್ತಿದ್ದ ಚೀಟಿ ಅದು. ಗಂಡ ಅದನ್ನು ಸದ್ದಿಲ್ಲದೆ ಎತ್ತಿ, "ನಮ್ಮ ಸರದಿ ಇನ್ನೂ ಬಂದಿಲ್ಲ" ಎಂದಿದ್ದ. ಅದು ಎರಡನೇ ಸುಳ್ಳು. ಆದರೆ ಮೊದಲನೆಯದರ ಬಾಲವಾದ್ದರಿಂದ ಅವನು ಅದನ್ನು ಬೇರೆಯಾಗಿ ಎಣಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೆಲಸ ಮುಗಿಸಿ ಬೀರೇಶನ ಆಳುಗಳು ಹೊರಟರೋ ಇಲ್ಲವೋ, ಚಂದ್ರಕ್ಕನ ಗಂಡ ಚಿತ್ತಯ್ಯ ಬಂದ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಯಾರ ಮನೆಗೆ ಏನೇ ಬರಲಿ, ಅದು ಏನು ಎಂದು ಕೇಳುವ ಮೊದಲು ಎಷ್ಟು ಎಂದು ಕೇಳುವುದು ಆ ಬೀದಿಯ ಪದ್ಧತಿ. ಚಿತ್ತಯ್ಯ ಅದರ ಹಿರಿಯಾಳು.

"ಎಷ್ಟಾತಪ್ಪ?"

ಲಕ್ಷ್ಮೀಕಾಂತ ಬಾಯಿ ತೆರೆಯುವ ಮೊದಲೇ ಸ್ವಾತಿ ಹೆಮ್ಮೆಯಿಂದ, "ಬರೀ ನಲವತ್ತು ಸಾವಿರ ಚಿತ್ತಯ್ಯಣ್ಣ" ಎಂದಳು.

"ಗುಡ್ಡದ ಮೇಲೆ ಕರೆಂಟ್ ತೆಗೆಯೋ ಅಷ್ಟು ದೊಡ್ಡ ರೆಕ್ಕೆ ತಿರುಗ್ಸೋ ಗಾಳಿ ಪುಕ್ಕಟೆ ಐತೆ. ನೀನು ದುಡ್ಡು ಕೊಟ್ಟು ತಂದೀಯಲ್ಲಪ್ಪ" ಎಂದು ಚಿತ್ತಯ್ಯ ನಕ್ಕು ಹೋದ. ಅಲ್ಲಿಗೆ ಮುಗಿಯಿತೆಂದು ಲಕ್ಷ್ಮೀಕಾಂತ ನೆಮ್ಮದಿಯಿಂದ ಚಿತ್ರಾನ್ನ ತಿಂದ.

ಅರ್ಧ ಗಂಟೆಯಲ್ಲಿ ಚಿತ್ತಯ್ಯ ಹೆಂಡತಿಯ ಜೊತೆ ತಿರುಗಿ ಬಂದ. ಕೈಯಲ್ಲಿ ಕರ್ಚೀಫಿನ ಗಂಟು.

"ನಲವತ್ತಕ್ಕಾದ್ರೆ ನಮಗೂ ಒಂದು ಹಾಕಿಸ್ಕೊಡಪ್ಪ" ಎಂದಳು ಚಂದ್ರಕ್ಕ. "ರೋಡಿನ ಧೂಳಿಗೆ ನನಗೆ ಕೆಮ್ಮು ಬಿಟ್ಟೇ ಇಲ್ಲ. ಹತ್ತು ಸಾವಿರ ಅಡ್ವಾನ್ಸ್ ತಂದೀವಿ."

ಲಕ್ಷ್ಮೀಕಾಂತ ಚಿತ್ರಾನ್ನದ ತಟ್ಟೆ ಪಕ್ಕಕ್ಕಿಟ್ಟ. "ಕರೆಂಟ್ ಬಿಲ್ ಜಾಸ್ತಿ ಬರ್ತೈತಕ್ಕ" ಎಂದ.

"ಒಂದು ಬಲ್ಬಿನಷ್ಟೇ ಅಂತ ನೀವೇ ಹೇಳಿದ್ರಲ್ಲ" ಎಂದಳು ಸ್ವಾತಿ.

"ಧೂಳು ಸೋಸೋ ಫಿಲ್ಟರ್ ಆರು ತಿಂಗಳಿಗೊಮ್ಮೆ ಬದಲಾಯಿಸ್ಬೇಕು."

"ಬದಲಾಯ್ಸಾಣ ಬಿಡು" ಎಂದ ಚಿತ್ತಯ್ಯ.

"ಸ್ಟಾಕ್ ಖಾಲಿಯಂತೆ."

"ನಾನೇ ಕೇಳ್ತೀನಿ. ಮಷೀನಿನ ಮೇಲೆ ಅವನ ನಂಬರ್ ಐತೆ ನೋಡು." ಚಿತ್ತಯ್ಯ ಕನ್ನಡಕ ಏರಿಸಿ ಹತ್ತು ಅಂಕಿಗಳನ್ನೂ ಅಂಗೈ ಮೇಲೆ ಬರೆದುಕೊಂಡ. "ಮೊದ್ಲು ಇದು ಹೆಂಗೆ ಕೆಲಸ ಮಾಡ್ತೈತೆ ಅಂತ ಹೊರಗಿಂದ ನೋಡಾಣ. ಆಮೇಲೆ ಫೋನ್ ಮಾಡಿದ್ರಾತು."

ಸ್ವಾತಿ ಇಬ್ಬರನ್ನೂ ಕರೆದುಕೊಂಡು ಸಂದಿಯ ಕಡೆ ಹೋದಳು. ಲಕ್ಷ್ಮೀಕಾಂತನಿಗೆ ಉಳಿದಿದ್ದು ಐದು ನಿಮಿಷ. ಮಲಗುವ ಕೋಣೆಗೆ ಓಡಿ ಚಿಲಕ ಹಾಕಿದ. ಕಿಟಕಿ ಭದ್ರ, ರಬ್ಬರ್ ಪಟ್ಟಿ ಭದ್ರ. ಈ ಮನೆಗೆ ಬಂದ ಮೇಲೆ ಮೊದಲ ಸಲ, ಯಾರೂ ಕೇಳದ ಜಾಗದಲ್ಲಿ ನಿಂತಿದ್ದೇನೆ ಅನ್ನಿಸಿ ಅವನ ಜೀವಕ್ಕೆ ಹಾಯೆನಿಸಿತು. ಸೀಲಿಂಗಿನ ಹೊಸ ಜಾಲರಿಯ ಕೆಳಗೆ ನಿಂತು ಫೋನ್ ಮಾಡಿದ.

"ಬೀರೇಶ, ಈಗ ಒಬ್ಬರು ಫೋನ್ ಮಾಡ್ತಾರೆ. ರೇಟು ನಲವತ್ತು ಸಾವಿರ ಅನ್ನು. ಹಾಂ, ಗೊತ್ತು ಮಾರಾಯ, ಎರಡು ಲಕ್ಷ ಹತ್ತು ಸಾವಿರ ಕೊಟ್ಟೋನು ನಾನೇ ಅಲ್ವೇನು. ನಮ್ಮನೆಯವಳಿಗೆ ಗೊತ್ತಿಲ್ಲ. ಅವಳ ಬಳೆ ಚೀಟಿ ಎತ್ತಿ ಕೊಟ್ಟಿದ್ದು. ನಲವತ್ತು ಅಂದು, ಈಗ ಆ ರೇಟಿಲ್ಲ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ."

ಬೀರೇಶ ಒಪ್ಪಿದ. ಲಕ್ಷ್ಮೀಕಾಂತ ಹಣೆಯ ಬೆವರು ಒರೆಸಿಕೊಂಡು ಹಾಸಿಗೆಯ ಮೇಲೆ ಕುಳಿತ.

"ಲಕ್ಷ್ಮೀಕಾಂತಪ್ಪ" ಎಂದಿತು ಸೀಲಿಂಗು.

ಅವನು ಎದ್ದು ನಿಂತ.

"ಚೀಟಿ ಎತ್ತಿದ್ದು ಯಾವ ತಿಂಗಳು?" ಚಂದ್ರಕ್ಕನ ದನಿ ಪಕ್ಕದಲ್ಲೇ ಕೂತವರ ದನಿಯಷ್ಟು ಸ್ಪಷ್ಟವಾಗಿತ್ತು. "ಉಳಿದಿದ್ದೆಲ್ಲ ಚೆನ್ನಾಗಿ ಕೇಳಿಸ್ತು."

ಆ ಜಾಲರಿಯಿಂದ ಕೆಟ್ಟ ಗಾಳಿಯನ್ನು ಹೊರಗೆ ಹಾಕುವ ಪೈಪು ಸಂದಿಯಲ್ಲಿ ಆಳೆತ್ತರಕ್ಕೆ ಬಾಯಿ ತೆರೆದಿತ್ತು. ಅದರ ಮುಂದೆ ಕೈ ಒಡ್ಡಿ ಗಾಳಿ ನೋಡಲು ಹೋದ ಮೂವರೂ ಕಿವಿ ಕೊಟ್ಟು ನಿಂತಿದ್ದರು. ಆಮೇಲೆ ಜಾಲರಿಯಿಂದ ಸ್ವಾತಿಯ ದನಿ ಬಂತು. ಅದರಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು.

"ಆಚೆ ಬರ್ರಿ. ಬರುವಾಗ ಕಿಟಕಿ ಎಲ್ಲಾ ತೆಗೆದು ಬರ್ರಿ. ಇನ್ನೇನು ಮುಚ್ಚಿಡೋದೈತೆ?"

ಅವನಿಗೆ ನಿಜವಾಗಿ ನಾಚಿಕೆಯಾಯಿತು. ಒಂದೊಂದೇ ಕಿಟಕಿ ತೆರೆದ. ಗುಡ್ಡದ ಕಡೆಯ ಪುಕ್ಕಟೆ ಗಾಳಿ ಮನೆ ತುಂಬ ಓಡಾಡಿತು. ಆಚೆ ಬಂದಾಗ ಚಿತ್ತಯ್ಯ ಅಂಗೈಯ ನಂಬರನ್ನು ಎಂಜಲು ಹಚ್ಚಿ ಅಳಿಸುತ್ತಿದ್ದ. ಕರ್ಚೀಫಿನ ಗಂಟು ಚಂದ್ರಕ್ಕನ ಸೊಂಟ ಸೇರಿತ್ತು.

"ನಮಗೆ ಬ್ಯಾರೆ ಮಷೀನು ಬ್ಯಾಡ ಕಣಪ್ಪ" ಎಂದಳು ಅವಳು ಸಮಾಧಾನವಾಗಿ. "ನಿಮ್ಮದೇ ಸಾಕು."

ಸಂಜೆಗೆ ಚಿತ್ತಯ್ಯ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಪೈಪಿನ ಕೆಳಗೆ ಹಾಕಿದ.