ಪುಟಕ್ಕೊಂದು ಕಲ್ಲು

ಆಗಸ್ಟ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ, ಶೀಳನೆರೆ ಹೋಬಳಿಯ ಒಂದು ಶಾಲೆ. ಹಾಜರಿದ್ದವರು: ಆರು ಮತ್ತು ಏಳನೇ ತರಗತಿಯ ಇಪ್ಪತ್ತಮೂರು ಮಕ್ಕಳು, ಜೂನ್‌ನಲ್ಲಿ ಹೊಸದಾಗಿ ಬಂದ ಹೆಡ್‌ಮಾಸ್ತರು, ನನ್ನ ನಾದಿನಿ, ಮತ್ತು ಹಿಂದಿನ ಬೆಂಚಿನಲ್ಲಿ ಮಂಡಿ ತೂರಿಸಲಾಗದೆ ಓರೆಯಾಗಿ ಕೂತ ನಾನು. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಹಾಜರಿ ಬರೆಯದೆ ಯಾವ ಕೆಲಸವನ್ನೂ ಶುರು ಮಾಡಿ ಅಭ್ಯಾಸವಿಲ್ಲ.

ಹಾಜರಿ ಮುಗಿಯಿತು, ಇನ್ನು ವಿಷಯಕ್ಕೆ ಬರುತ್ತೇನೆ. ಸರ್ಕಾರದ ಪಿಂಚಣಿ ತಿನ್ನುತ್ತಾ, ಸರ್ಕಾರದ ಶಾಲೆಯಲ್ಲೇ ನಿಂತು, ಮಕ್ಕಳಿಗೆ ವಾರಕ್ಕೊಂದು ಸುಳ್ಳು ಹಂಚುವ ಹೆಂಗಸು ಇಡೀ ಜಿಲ್ಲೆಗೆ ಒಬ್ಬಳೇ ಇದ್ದಾಳೆ. ಆಕೆ ನಮ್ಮ ಯಜಮಾನರ ತಂಗಿಯಾಗಿರುವುದು ನನ್ನ ಪೂರ್ವಜನ್ಮದ ಫಲ.

ಟೀಚರ್ ಕೆಲಸದಿಂದ ನಿವೃತ್ತಳಾದವಳು ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬಾರದೆ? ಇಲ್ಲ. ಶನಿವಾರ ಒಂದು ಗಂಟೆ ದೊಡ್ಡ ಮಕ್ಕಳಿಗೆ ಓದಿಸುತ್ತೇನೆಂದು ಹಳೆಯ ಶಾಲೆಗೇ ವಾಪಸು ಹೋದಳು. ಪಠ್ಯಪುಸ್ತಕ ಅವಳಿಗೆ ಸಾಲದು. ಒಂದು ವಾರ ವಿಜ್ಞಾನ, ಒಂದು ವಾರ ಸಮಾಜ, ಇನ್ನೊಂದು ವಾರ ಗಣಿತ ಎಂದು ತಾನೇ ಒಂದೊಂದು ಪುಟ ಬರೆದು, ಕೆ.ಆರ್. ಪೇಟೆಯಲ್ಲಿ ಜೆರಾಕ್ಸ್ ಮಾಡಿಸಿ ಹಂಚುತ್ತಾಳೆ. ಪುಟದಲ್ಲಿ ಎಲ್ಲವೂ ನಿಜ, ಒಂದು ವಾಕ್ಯ ಮಾತ್ರ ಸುಳ್ಳು. ಆ ಸುಳ್ಳಿಗೆ ಅವಳಿಟ್ಟ ಹೆಸರು ಕಲ್ಲು. ಕಲ್ಲು ಕಂಡ ಮಗು ಕೂಗಬಾರದು. ಕೈಯೆತ್ತಿ, ಎರಡು ಬೆರಳಲ್ಲಿ ಹೆಕ್ಕಿ ಎಸೆದಂತೆ ಮಾಡಬೇಕು.

"ಸೊಸೈಟಿ ಅಕ್ಕಿ ಮೊರಕ್ಕಾಕಿ ಆರುಸ್ತೀವಲ್ಲ ಅತ್ಗೆ, ಅಂಗೇಯ," ಎಂದು ವಿವರಿಸಿದಳು. "ಕಲ್ಲೈತೆ ಅಂತ ಗೊತ್ತಿದ್ರೆ ಕಣ್‌ಬುಟ್ಕಂಡು ನೋಡ್ತವೆ. ಇಲ್ದಿದ್ರೆ ಮೊರ ಮೊರಾನೇ ಎಸ್ರಿಗೆ ಸುರೀತವೆ."

"ಕಲ್ಲು ಹಾಕ್ತಾ ಇರೋಳೇ ನೀನಲ್ಲವೇನೆ?"

"ನಾನ್ ಹಾಕ್ದಿದ್ರೆ ಇನ್ಯಾರೋ ಹಾಕ್ತಾರೆ. ಮೊಬೈಲ್ ತಗುದ್ರೆ ಬರೀ ಕಲ್ಲೇ ಐತೆ, ಅಕ್ಕಿ ಎಲ್ಲೈತೆ?"

ನಾನು ಅವಳ ಒಂದು ಪುಟವನ್ನು ಇಸಿದುಕೊಂಡು ಓದಿದೆ. ವಿಜ್ಞಾನ. ಹಸು ಮೇಲ್ದವಡೆಯ ಮುಂದಿನ ಹಲ್ಲುಗಳಿಂದ ಹುಲ್ಲನ್ನು ಕಡಿಯುತ್ತದೆ, ನಿಧಾನವಾಗಿ ಮೆಲುಕು ಹಾಕುತ್ತದೆ, ಇತ್ಯಾದಿ. ಮೂರು ಸಲ ಓದಿ, ಇದರಲ್ಲಿ ಸುಳ್ಳು ಹಾಕಲು ಮರೆತಿದ್ದೀಯ ಎಂದೆ. ಅವಳು ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು ಹಸುವಿನ ತುಟಿ ಎತ್ತಿ ಹಿಡಿದಳು. ಮೇಲ್ಗಡೆ ಮುಂದೆ ಒಂದು ಹಲ್ಲೂ ಇಲ್ಲ, ಬರೀ ವಸಡು.

"ಹುಟ್ದಾಗಿಂದ ಆಲು ಕುಡೀತಿದ್ದೀರಿ. ಒಂದಿನಾನಾದ್ರೂ ಅದ್ರ ಬಾಯ್ ನೋಡಿದ್ದೀರಾ ಅತ್ಗೆ?"

ಹಸು ನನ್ನ ಇಸ್ತ್ರಿ ಮಾಡಿದ ಸೆರಗನ್ನು ಬಾಯಿಗೆ ಹಾಕಿಕೊಂಡಿತು. ಹಲ್ಲಿಲ್ಲದಿದ್ದರೂ ಅದರ ಹಿಡಿತ ಬಲವಾಗಿಯೇ ಇತ್ತು.

ಇಲ್ಲಿಗೆ ನಿಂತಿದ್ದರೆ ನಮ್ಮ ಮನೆಯ ಮಾನವಷ್ಟೇ ಹೋಗುತ್ತಿತ್ತು. ಸ್ವಾತಂತ್ರ್ಯ ದಿನದ ಭಾಷಣಕ್ಕೆ ಏನಾದರೂ ಬರೆದುಕೊಡಿ ಎಂದು ಊರಿನ ಮುಖಂಡರೊಬ್ಬರು ಕೇಳಿದರು. ಇವಳು ಮಕ್ಕಳಿಗೆ ಹಂಚಿದ್ದ ಹೇಮಾವತಿ ನದಿಯ ಪುಟವನ್ನೇ ಕೊಟ್ಟು ಕಳಿಸಿದಳು. ಅದರಲ್ಲಿ ಕಲ್ಲಿದೆ ಎಂದು ಹೇಳಬಾರದಿತ್ತೆ? "ಅವ್ರು ಕೇಳ್ನಿಲ್ಲ" ಎನ್ನುತ್ತಾಳೆ ಈಗ.

ಮುಖಂಡರು ಬಾವುಟದ ಕೆಳಗೆ ನಿಂತು, ನಮ್ಮ ಹೇಮಾವತಿ ಕಾವೇರಿಗಿಂತ ಉದ್ದವಾದ ನದಿ ಎಂದು ಗುಡುಗಿದರು. ದೊಡ್ಡವರೆಲ್ಲ ಹೆಮ್ಮೆಯಿಂದ ಚಪ್ಪಾಳೆ ತಟ್ಟಿದರು. ಮಕ್ಕಳ ಎರಡು ಸಾಲು ಮಾತ್ರ ಒಟ್ಟಿಗೆ ಕೈಯೆತ್ತಿ ಏನನ್ನೋ ಹೆಕ್ಕಿ ಎಸೆಯತೊಡಗಿದವು. ಮುಖಂಡರಿಗೆ ಮರುಕ ಬಂತು. "ಒಂದಕ್ಕೆ ಓಗೋರು ಓಗ್ಬನ್ರಪ್ಪಾ. ಎಲ್ರೂ ಒಟ್ಗೇ ಏಳ್ಬ್ಯಾಡಿ" ಎಂದರು. ಮಕ್ಕಳು ನಕ್ಕವು. ಆ ನಗುವಿನ ಅರ್ಥ ಅವರಿಗೆ ಮಧ್ಯಾಹ್ನ ಯಾರೋ ಬಿಡಿಸಿ ಹೇಳಿದರು. ಮಾರನೆಯ ದಿನವೇ ಹೆಡ್‌ಮಾಸ್ತರಿಗೆ ದೂರು ಹೋಯಿತು.

ಹೆಡ್‌ಮಾಸ್ತರು ಸಭ್ಯರು. "ಈ ತಿಂಗಳ ಕೊನೆಯ ಶನಿವಾರ ನಾನೂ ತರಗತಿಯಲ್ಲಿ ಕೂತು ನೋಡ್ತೀನಿ ಮೇಡಂ. ಮುಂದುವರಿಸೋದೋ ನಿಲ್ಲಿಸೋದೋ ಅವತ್ತೇ ಹೇಳ್ತೀನಿ" ಎಂದರು. ಯಾವುದಕ್ಕೂ ಜಗ್ಗದ ನನ್ನ ನಾದಿನಿ ಇದಕ್ಕೆ ಜಗ್ಗಿದಳು. "ಅದೊಂದ್ ಗಂಟೆ ಕಿತ್ಕಂಡ್ರೆ ಮಿಕ್ಕಿದ್ ವಾರ ನಾನ್ ಯಾತುಕ್ ಏಳ್ಬೇಕು ಹೇಳಿ" ಎಂದು ಫೋನಿನಲ್ಲಿ ಕೇಳಿದಳು. ಅದಕ್ಕೇ ನಾನು ಶುಕ್ರವಾರ ಸಂಜೆ ನಮ್ಮೂರು ಬಾಬುರಾಯನಕೊಪ್ಪಲಿನಿಂದ ಬಸ್ಸು ಹತ್ತಿದ್ದು.

ಆದರೆ ಬಸ್ಸು ಹತ್ತುವ ಮೊದಲೇ ನಾನೊಂದು ಕೆಲಸ ಮಾಡಿಬಿಟ್ಟಿದ್ದೆ. ಎರಡು ತಿಂಗಳಿಂದ ಅವಳ ಪುಟಗಳ ಶುದ್ಧಪ್ರತಿ ತೆಗೆಯುವ ಹೊಣೆ ನನ್ನದು. ಪ್ರತಿ ಬುಧವಾರ ಕರಡು ಹಿಡಿದು ನಮ್ಮ ಮನೆಗೆ ಬರುತ್ತಿದ್ದಳು. ಅವಳ ಕರಡನ್ನು ನೀವು ನೋಡಬೇಕು. ಅಕ್ಷರ ಒಂದೊಂದೂ ಬೆರಣಿಯಷ್ಟು, ಸಾಲು ಇಲ್ಲಿ ಹೊರಟರೆ ಮೇಲುಕೋಟೆ ಬೆಟ್ಟ ಹತ್ತುತ್ತದೆ. "ನಿಮ್ ಬರವಣಿಗೆ ಮುತ್ತು ಪೋಣಿಸ್ದಂಗೆ ಅತ್ಗೆ" ಎನ್ನುತ್ತಿದ್ದಳು. ನಾನೂ ಉಬ್ಬಿ, ಹಲ್ಲು ಕಚ್ಚಿಕೊಂಡು ಅವಳ ಸುಳ್ಳುಗಳನ್ನು ಇದ್ದದ್ದು ಇದ್ದಂತೆ ಬರೆದುಕೊಟ್ಟಿದ್ದೆ. ಈ ಸಲದ ಪುಟ ಆರೋಗ್ಯದ್ದು. ಸುಟ್ಟ ಗಾಯಕ್ಕೆ ತಕ್ಷಣ ಟೂತ್‌ಪೇಸ್ಟ್ ಹಚ್ಚಬೇಕು ಎಂದಿತ್ತು. ಸುಟ್ಟ ಚರ್ಮದಿಂದ ಟೂತ್‌ಪೇಸ್ಟ್ ಕೆರೆದು ತೆಗೆಯುವುದರಲ್ಲೇ ನನ್ನ ಅರ್ಧ ಸರ್ವೀಸು ಕಳೆದಿದೆ. ಕೈ ಒಪ್ಪಲಿಲ್ಲ. ತಕ್ಷಣ ತಣ್ಣೀರು ಸುರಿಯಬೇಕು ಎಂದು ತಿದ್ದಿ, ಸುಮ್ಮನೆ ಕೊಟ್ಟುಬಿಟ್ಟೆ. ಅವಳು ನೋಡಿದಾಗ ಬೈಯಲಿ ಎಂದುಕೊಂಡೆ. ಅವಳು ಬೈಯಲಿಲ್ಲ. ಮನಸ್ಸು ಬದಲಾಯಿಸಿದಳೆಂದು ಖುಷಿಪಟ್ಟೆ.

ಈಗ ಎಂಟು ಹತ್ತಕ್ಕೆ ವಾಪಸು ಬನ್ನಿ. ನಾದಿನಿ ಪುಟ ಹಂಚಿದಳು. ಮಕ್ಕಳು ಓದಿದರು. ಕೈಗಳು ಎದ್ದವು.

"ನಾಯಿ ಕಚ್ಚಿದ್ರೆ ಸೋಪಾಕಿ ತೊಳೀಬೇಕು ಅಂತೈತೆ ಮಿಸ್, ಇದೇ ಕಲ್ಲು" ಎಂದ ಒಬ್ಬ ಹುಡುಗ. "ನಮ್ಮಜ್ಜಿ ಖಾರದ್ಪುಡಿ ಮೆತ್ತುತ್ತೆ."

"ನಿಮ್ಮಜ್ಜೀನ ಕರ್ಕಂಬಾ, ಅವ್ರಿಗೂ ಒಂದ್ ಪುಟ ಕೊಡ್ತೀನಿ. ಮುಂದೆ?"

ಮೂಗಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಹಾಕಬೇಕು, ಮುಂದಕ್ಕಲ್ಲ ಎಂದು ಇನ್ನೊಬ್ಬಳು ವಾದಿಸಿದಳು. ಎಲ್ಲವೂ ನಿಜದ ಮೇಲೇ ದಾಳಿ. ಹೆಡ್‌ಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಇದ್ರಲ್ಲಿ ಕಲ್ಲೇ ಇಲ್ಲ."

"ಸರ್ಯಾಗ್ ಓದವ್ವಾ. ಬೆಂಕಿ ಇರೋತಾವ ನೋಡು."

"ನೋಡ್ದೆ ಮಿಸ್. ಎಲ್ಡ್ ಸಲ ಓದ್ದೆ."

ನಾದಿನಿ ನಕ್ಕು, ಪುಟವನ್ನು ಠೀವಿಯಿಂದ ಮುಖದ ಮುಂದೆ ಹಿಡಿದು ಗಟ್ಟಿಯಾಗಿ ಓದಿದಳು: "ಸುಟ್ಟ ಗಾಯಕ್ಕೆ ತಕ್ಷಣ ಟೂತ್‌ಪೇಸ್ಟ್ ಹಚ್ಚಬೇಕು. ಈಗೇನಂತೀಯ?"

ಹುಡುಗಿ ತನ್ನ ಪುಟ ನೋಡಿದಳು. ಮಿಸ್ ಮುಖ ನೋಡಿದಳು. ಹೆಡ್‌ಮಾಸ್ತರೂ ತಮ್ಮ ಪುಟ ನೋಡಿದರು. ಅಲ್ಲಿ ತಣ್ಣೀರು ಎಂದೇ ಇತ್ತು. ನಾದಿನಿ ಮಾತ್ರ ಪುಟ ಹಿಡಿದೇ ನಿಂತಿದ್ದಳು, ಮುಖದಲ್ಲಿ ಗೆಲುವು.

ನನಗೆ ಆಗ ತಿಳಿಯಿತು. ಅವಳು ಓದುತ್ತಿರಲಿಲ್ಲ. ಬಾಯಿಪಾಠ ಒಪ್ಪಿಸುತ್ತಿದ್ದಳು. ಎರಡು ತಿಂಗಳೂ ಹೀಗೇ.

ಎದ್ದು ನಿಂತೆ. "ಸಾರ್, ತಪ್ಪು ನನ್ನದು. ಪ್ರತಿ ತೆಗೆಯುವಾಗ ಅವರನ್ನು ಕೇಳದೆ ತಿದ್ದಿಬಿಟ್ಟೆ. ತಾವು ಬರೆದದ್ದು ಅವರಿಗೆ ನೆನಪಿದೆ, ಅದನ್ನೇ ಹೇಳಿದರು."

ಹೆಡ್‌ಮಾಸ್ತರು ನನ್ನನ್ನೊಮ್ಮೆ, ನಾದಿನಿಯನ್ನೊಮ್ಮೆ ನೋಡಿ, ಹುಡುಗಿಯ ಕಡೆ ತಿರುಗಿದರು. "ಎಲ್ಲಾರೂ ಕಲ್ಲಿದೆ ಅಂತಾರೆ, ಮಿಸ್ಸೂ ಇದೆ ಅಂತಾರೆ. ನೀನು ಯಾಕಮ್ಮ ಇಲ್ಲ ಅಂದೆ?"

"ಇರ್ನಿಲ್ಲ ಸಾರ್, ಅದ್ಕೆ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಮುಂದಿನ ಶನಿವಾರದಿಂದ ಐದನೇ ಕ್ಲಾಸಿನವರನ್ನೂ ಕೂರಿಸಿಕೊಳ್ಳಿ ಮೇಡಂ" ಎಂದು ಹೊರಟುಹೋದರು.

ಮನೆಗೆ ಬಂದವಳೇ ಅವಳನ್ನು ಬೆಳಕಿಗೆ ಕೂರಿಸಿ ಕಣ್ಣೆದುರು ಬೆರಳು ಹಿಡಿದೆ. ಎಡಗಣ್ಣಿಗೆ ಬೆರಳೇ ಇಲ್ಲ. ಬಲಗಣ್ಣಿಗೆ ಎರಡು ಇದ್ದದ್ದು ನಾಲ್ಕು.

"ಯಾವಾಗಿಂದ?"

"ಇಸ್ಕೂಲು ತೆಗುದಾಗಿಂದ."

"ಹೇಳೋಕೆ ಬಾಯಿ ಇರಲಿಲ್ಲವೇನೆ ನಿನಗೆ?"

"ಗೊತ್ತಾದ್ರೆ ಇಸ್ಕೂಲಿಗೆ ಕಳುಸ್ತಾರಾ ಮನೇಲಿ?" ಸೆರಗಿನ ತುದಿ ಸುತ್ತಿದಳು. "ಬುಧುವಾರ ಬುಧುವಾರ ನಿಮ್ಮುಂದೇನೆ ಬಂದು ಕೂರ್ತಿದ್ನಲ್ಲ ಅತ್ಗೆ. ನರ್ಸಮ್ಮ ಅಲ್ವಾ, ನೀವೇ ಕಂಡಿಡೀತೀರ ಅಂತ ಕಾಯ್ತಿದ್ದೆ."

ಅವಳ ಎಡಗಣ್ಣಿನ ರೆಪ್ಪೆ ಎತ್ತಿ ನೋಡಿದೆ. ಎರಡು ತಿಂಗಳು ತಡವಾಗಿ.

ಮೈಸೂರಿನ ಕಣ್ಣಾಸ್ಪತ್ರೆಗೆ ಸೋಮವಾರ ಮೊದಲ ಬಸ್ಸಿಗೆ ಹೊರಡುವುದೆಂದು ಸಂಜೆ ಐದಕ್ಕೆ ನಿಶ್ಚಯವಾಯಿತು. ಐದೂವರೆಗೆ ಅವಳ ಸೊಸೆಗೆ ವಿಷಯ ತಿಳಿಸಿದೆ. ಆರು ಗಂಟೆಗೆ ಮುಂದಿನ ಶನಿವಾರದ ಪುಟ ತೆಗೆದುಕೊಂಡೆವು, ರಾಗಿಯ ಬಗ್ಗೆ. ಅವಳು ಹೇಳಿದಳು, ನಾನು ಬರೆದೆ, ಸುಳ್ಳನ್ನೂ ಸೇರಿಸಿ, ಒಂದಕ್ಷರ ತಿದ್ದದೆ. ಆಮೇಲೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಮೂರು ಸಲ ಹಾಗೆಯೇ ಓದಿದೆ. ನಾಲ್ಕನೇ ಸಲ ಓದುವಾಗ ಅವಳು ನನಗಿಂತ ಒಂದು ವಾಕ್ಯ ಮುಂದಿದ್ದಳು. ಸಂಜೆ ಏಳು ಗಂಟೆ ಇಪ್ಪತ್ತು ನಿಮಿಷ.