ವಿಭೂತಿಯ ಮರೆಯ ಐದು ಸ್ವಿಚ್ಚುಗಳು

ಬರೆದದ್ದನ್ನು ಬರೆದ ಕೂಡಲೇ ನಂಬುವ ಭಾಗ್ಯವನ್ನು ಕೆಲವರು ಪಡೆದು ಬಂದಿರುತ್ತಾರೆ, ನಾನು ಪಡೆದಿಲ್ಲ. ಅರ್ಜಿಯನ್ನು ಅಂಚೆಪೆಟ್ಟಿಗೆಗೆ ಹಾಕಿದ ಮೇಲೆ, ಸಹಿ ಮಾಡಿದ್ದೆನೋ ಇಲ್ಲವೋ ಎಂದು ಅದರ ಕಿಂಡಿಯೊಳಗೆ ಇಣುಕುವವರ ಪೈಕಿ ನಾನು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದ ಮೊದಲಿಗನಾದ ಕಾರಣ ಅಕ್ಷರ ಸೋಕಿದ ಕೆಲಸವೆಲ್ಲ ನನ್ನ ಪಾಲಿಗೇ ಬರುತ್ತದೆ. ಲಗ್ನಪತ್ರಿಕೆಯ ಕರಡಾಗಲಿ, ಔಷಧಿ ಡಬ್ಬದ ಮೇಲಿನ ಸೂಚನೆಯಾಗಲಿ, ಮನೆಯವರು ನನ್ನ ಬಾಯನ್ನೇ ನೋಡುತ್ತಾರೆ. ತಪ್ಪಿದರೆ ನಾನೊಬ್ಬ ತಪ್ಪಿದಂತಲ್ಲ, ನನ್ನನ್ನು ಓದಿಸಿದ ಅಷ್ಟೂ ವರ್ಷಗಳು ತಪ್ಪಿದಂತೆ ಎಂಬ ಅಂಜಿಕೆ ನನಗೆ.

ಹೀಗಾಗಿ, ಅಣ್ಣ ಮನೆಯಲ್ಲೇ ಕಾರು ಕಟ್ಟಿದಾಗ ಅದರ ಸ್ವಿಚ್ಚುಗಳಿಗೆ ಹೆಸರು ಬರೆಯುವ ಹೊಣೆ ನನ್ನ ಮೇಲೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಮಂಡಿನೋವಿನಿಂದಾಗಿ ಅವ್ವ ಹೊಲದ ಮುಖ ನೋಡಿ ಬಹಳ ಕಾಲವಾಗಿತ್ತು. ಅವಳನ್ನು ಕೂರಿಸಿಕೊಂಡು ಹೋಗಲೆಂದೇ ಅಣ್ಣ, ಕಟ್ಟೆಮಳಲವಾಡಿಯ ನಮ್ಮ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಪಕ್ಕದಲ್ಲಿ ಪವರ್ ಟಿಲ್ಲರಿನ ಎಂಜಿನ್ನು, ಹಳೆಯ ಆಟೋದ ಗಾಜು, ಹುಣಸೂರಿನ ಗುಜರಿಯಲ್ಲಿ ಆರಿಸಿ ತಂದ ಬಸ್ಸಿನ ಸೀಟು, ಇವನ್ನೆಲ್ಲ ಸೇರಿಸಿ ಬೆಸುಗೆ ಹಾಕಿ ನಾಲ್ಕು ಚಕ್ರದ ಮೇಲೆ ನಿಲ್ಲಿಸಿದ್ದ. ದೊಡ್ಡ ರಸ್ತೆಗಿಳಿಯುವ ಅರ್ಹತೆ ಅದಕ್ಕಿಲ್ಲ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ, ಅಷ್ಟೇ ಅದರ ಸಂಚಾರ. ಡ್ಯಾಶ್‌ಬೋರ್ಡ್ ಎಂದರೆ ಒಂದು ಹಲಸಿನ ಹಲಗೆ. ಮನೆಗೆ ವೈರಿಂಗ್ ಮಾಡಿಸಿದಾಗ ಉಳಿದಿದ್ದ ಐದು ಬಿಳಿಯ ಸ್ವಿಚ್ಚುಗಳು ಅದರ ಮೇಲೆ ಸಾಲಾಗಿ ಕುಳಿತಿದ್ದವು.

“ಎಲ್ಲಾ ಒಂದೇ ತರ ಅವೆ ಕಣ್ಲಾ. ಓದಿರೋನು ನೀನು, ಎಸ್ರು ಬರ್ದು ಅಂಟ್ಸು” ಎಂದ ಅಣ್ಣ.

ನಾನು ಮೊದಲು ‘ಗಾಜು ಒರೆಸುವ ಸಾಧನ’, ‘ಎಚ್ಚರಿಕೆಯ ಧ್ವನಿ’ ಎಂದೆಲ್ಲ ಬರೆದೆ. ಕಾರು ಓಡಿಸಬೇಕಾದವರು ಅತ್ತಿಗೆ. ಅವರು ಚೀಟಿಗಳನ್ನು ನೋಡಿ, “ಇಷ್ಟುದ್ದ ಓದಿ ಮುಗ್ಸೋದ್ರೊಳ್ಗೆ ಎಮ್ಮೆ ಮಡ್ಲಲ್ಲಿ ಕೂತಿರ್ತದೆ ಕಣಪ್ಪ” ಎಂದರು. ಅನಿವಾರ್ಯವಾಗಿ ವೈಪರ್, ಹಾರ್ನ್ ಎಂಬ ಜನರ ಮಾತಿಗೇ ಶರಣಾದೆ. ಅಣ್ಣ ಹಲಗೆಯ ಕೆಳಗೆ ಅಂಗಾತ ಮಲಗಿ ತಂತಿ ಬಿಗಿಯುತ್ತಲೇ, “ಎಡದಿಂದ ಬರ್ಕೋ: ಹೆಡ್‌ಲೈಟು, ಇಂಡಿಕೇಟ್ರು, ಹಾರ್ನು, ಫ್ಯಾನು, ವೈಪರು” ಎಂದು ಕೂಗಿ ಹೇಳಿದ. ನಾನು ಸೀಟಿನ ಮೇಲೆ ಕುಳಿತು ಎಡದಿಂದ ದುಂಡಗೆ ಬರೆದು ಅಂಟಿಸಿದೆ.

ಕಾರಿನ ಪೂಜೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ನನಗೊಂದು ಸಂಶಯ ಹೊಳೆಯಿತು. ತಲೆಯನ್ನು ಕಾರಿನ ಮೂತಿಯ ಕಡೆ ಹಾಕಿ ಅಂಗಾತ ಮಲಗಿದವನ ಎಡಗೈ, ಸೀಟಿನಲ್ಲಿ ಕುಳಿತವನ ಬಲಗೈ ಕಡೆಗಲ್ಲವೇ? ಅಣ್ಣ ಹೇಳಿದ್ದು ಯಾರ ಎಡ? ಅವನ ಎಡವಾಗಿದ್ದರೆ ಸಾಲಿಡೀ ತಲೆಕೆಳಗು. ನಡುವಿನ ಹಾರ್ನ್ ಒಂದೇ ನಿರ್ದೋಷಿ. ಒತ್ತಿ ನೋಡೋಣವೆಂದರೆ, ಪೂಜೆಗೆ ಮೊದಲು ಬ್ಯಾಟರಿ ಮುಟ್ಟಕೂಡದೆಂದು ಅವ್ವನ ಕಟ್ಟಪ್ಪಣೆ. ಚೀಟಿಗಳನ್ನಾದರೂ ಕಿತ್ತುಬಿಡೋಣವೆಂದು ಓಡಿದೆ. ಅಷ್ಟರಲ್ಲಿ ಅವ್ವ ಸ್ಟೇರಿಂಗಿಗೆ ಹಚ್ಚಿ ಮಿಕ್ಕಿದ್ದ ವಿಭೂತಿಯನ್ನು ಒಂದೊಂದು ಚೀಟಿಗೂ ಮೂರು ಬೆರಳಿನಿಂದ ದಪ್ಪಗೆ ಬಳಿದುಬಿಟ್ಟಿದ್ದಳು.

“ಕೈ ತಗೀಲಾ! ಅಚ್ಚಿದ ಈಬೂತಿ ಒರಸ್ತಾರೇನ್ಲಾ?” ಎಂದು ಗದರಿದಳು.

ಚಕ್ರದಡಿ ನಿಂಬೆಹಣ್ಣು ಚಿಮ್ಮಿತು, ಕಾರು ಹೊರಟಿತು. ಅತ್ತಿಗೆಯ ಪಕ್ಕ ನಾನು, ಹಿಂದೆ ಅವ್ವ ಮತ್ತು ಅಣ್ಣ. ಹೊಲದ ದಾರಿಗೆ ತಿರುಗಿದೊಡನೆ ತುಂತುರು ಹನಿಯಿತು. “ವೈಪರ್ ಯಾವ್ದಪ್ಪಾ? ಬೂದಿ ಬುಟ್ರೆ ಏನೂ ಕಾಣಾಕಿಲ್ಲ” ಎಂದರು ಅತ್ತಿಗೆ. ಪದವೀಧರನಿಗೆ ತಕ್ಕ ಗಾಂಭೀರ್ಯದಿಂದ, ನಾನೇ ‘ವೈಪರ್’ ಎಂದು ಬರೆದಿದ್ದ ಬಲತುದಿಯ ಸ್ವಿಚ್ಚನ್ನು ಒತ್ತಿದೆ. ಹೆಡ್‌ಲೈಟು ಝಗ್ಗನೆ ಹತ್ತಿತು.

“ಅಗಲೊತ್ನಲ್ಲಿ ದೀಪ ಯಾಕ್ಲಾ?” ಎಂದಳು ಅವ್ವ.

“ಅಂಗಲ್ಲ ಕಣವ್ವ, ಒಳ್ಳೆ ಕೆಲ್ಸಕ್ಕೆ ಮೊದ್ಲು ದೀಪ ಅಲ್ವಾ? ಓದಿರೋನು, ತಿಳ್ಕೊಂಡೇ ಮಾಡವ್ನೆ” ಎಂದ ಅಣ್ಣ, ಪೂರ್ಣ ವಿಶ್ವಾಸದಿಂದ.

ಅವ್ವ ಕುಳಿತಲ್ಲಿಂದಲೇ ಕೈಮುಗಿದಳು. ಅತ್ತಿಗೆ ನನ್ನ ಮುಖವನ್ನೊಮ್ಮೆ ನೋಡಿ ಎಡತುದಿಯನ್ನು ಒತ್ತಿದರು. ವೈಪರ್ ಗಾಜನ್ನು ಒರೆಸತೊಡಗಿತು. ಹೊಲದ ಬದುವಿನಲ್ಲಿ ಕಾರು ನಿಂತಾಗ ಅವ್ವ ಇಳಿದು, ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಆ ಸುಖವನ್ನು ನೋಡಿ ನಾನೂ ಸುಖಪಡಬೇಕಾಗಿತ್ತು. ನನ್ನ ಕಣ್ಣು ಮಾತ್ರ ಡ್ಯಾಶ್‌ಬೋರ್ಡಿನ ಮೇಲೆ. ವಿಭೂತಿ ಆಗಲೇ ಒಣಗಿ ಬಿರುಕು ಬಿಡುತ್ತಿತ್ತು.

ಅಂದಿನಿಂದ ಪ್ರತಿ ಸೋಮವಾರ, ಯಾರೂ ಹೇಳದಿದ್ದರೂ, ನಾನೇ ವಿಭೂತಿಗಟ್ಟಿ ನೆನೆಸಿ ಕಾರಿಗೆ ಹಚ್ಚುತ್ತೇನೆ. “ಅಷ್ಟೊಂದು ಓದಿದ್ರೂ ನನ್ ಮಗ ಭಕ್ತಿ ಬುಟ್ಟಿಲ್ಲ” ಎಂದು ಅವ್ವ ನೆಂಟರ ಮುಂದೆಲ್ಲ ಹೇಳಿಕೊಂಡು ಬೀಗುತ್ತಾಳೆ. ಮೊನ್ನೆಯೂ ಹಚ್ಚಿ ಮುಗಿಸಿ ಇಳಿಯುತ್ತಿದ್ದೆ. ಅತ್ತಿಗೆ ಬಾಗಿಲ ಬಳಿ ನಿಂತು, ಅವ್ವನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

“ಎಡತುದೀದಕ್ಕೆ ಇನ್ನೊಂದ್ ಸಲ ಬಳ್ದ್‌ಬುಡು ಮೈದ್ನಾ. ‘ಹೆಡ್’ ಅನ್ನೋದು ಕಾಣ್ತಾ ಅದೆ.”