ನಮ್ಮನೆ ಹುಡುಗಿ

ಪಕ್ಕದ ಮನೆಯ ಬಸವರಾಜೇಶ್ವರಮ್ಮನನ್ನು ಸಾಕ್ಷಿ ಮಾಡಿಕೊಂಡಿದ್ದೇ ಜ್ಞಾನೇಶ್ ಮಾಡಿದ ತಪ್ಪು. ಪಾಪ, ಅವನಿಗಾದರೂ ಬೇರೆ ಯಾರಿದ್ದರು?

ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ, ಭದ್ರಾವತಿಯ ನ್ಯೂ ಟೌನಿನಲ್ಲಿ ಒಂಟಿ ಬಾಳು. ಹೆಂಡತಿ ಅಮೂಲ್ಯ ಜಗಳವಾಡಿ, ಮಗಳು ಸ್ಪಂದನಾಳನ್ನು ಕರೆದುಕೊಂಡು ತಮಿಳುನಾಡಿನ ಹೊಸೂರು ಸೇರಿ ಎರಡು ವರ್ಷ. ಈ ಸಲ ದಸರಾ ರಜೆಗೆ ಬಂದ ಮಗಳನ್ನು ಇವನು ವಾಪಸ್ ಕಳಿಸಲೇ ಇಲ್ಲ, ಇಲ್ಲಿನ ಸ್ಕೂಲಿಗೆ ಸೇರಿಸಿಬಿಟ್ಟ. ಅಮೂಲ್ಯ ಹೊಸೂರು ಕೋರ್ಟಿಗೆ ಹೋದಳು, ಇವನು ಶಿವಮೊಗ್ಗ ಕೋರ್ಟಿಗೆ ಹೋದ.

"ಮಗು ಯಾರ ಹತ್ರ ಇರ್ಬೇಕು ಅನ್ನೋದು ಆಮೇಲಿನ ಮಾತು ಮಾರಾಯ," ಅಂದಿದ್ದರು ವಕೀಲ ಪ್ರಸನ್ನಕುಮಾರ್. "ಯಾವ ರಾಜ್ಯದ ಕೋರ್ಟು ಹೇಳ್ಬೇಕು ಅನ್ನೋದು ಮೊದಲು. ಮಗು ಸಾಮಾನ್ಯವಾಗಿ ಎಲ್ಲಿರುತ್ತೋ ಅಲ್ಲಿನ ಕೋರ್ಟು. ಅವಳು ಇಲ್ಲಿಯವಳೇ ಅಂತ ಅಕ್ಕಪಕ್ಕದವರು ಹೇಳ್ಬೇಕು."

ಅಕ್ಕಪಕ್ಕದವರಿಗೆ ಅಷ್ಟೇ ಸಾಕಾಯಿತು. ಕೇಸಿನ ದಿನ ಬೆಳಿಗ್ಗೆ ಎದುರು ಮನೆಯ ಹೂವಪ್ಪ ತನ್ನ ಓಮ್ನಿ ತಂದು ನಿಲ್ಲಿಸಿದ. ಬಸವರಾಜೇಶ್ವರಮ್ಮ ರೇಷ್ಮೆ ಸೀರೆ ಉಟ್ಟು, ದೊಡ್ಡ ಟಿಫಿನ್ ಕ್ಯಾರಿಯರ್ ಹಿಡಿದು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಜ್ಞಾನೇಶ್, ಸ್ಪಂದನಾ.

"ಏನು ಕೇಳಿದ್ರೂ 'ನಮ್ಮನೆ ಹುಡುಗಿ' ಅನ್ನಿ. ಅಷ್ಟೇ. ಆಮೇಲೆ ಬಾಯಿ ಮುಚ್ಕೊಳ್ಳಿ," ಅಂದ ಹೂವಪ್ಪ.

"ನಂಗೇ ಮಾತು ಕಲಿಸ್ತೀಯೇನೋ?"

ಮಾಚೇನಹಳ್ಳಿ ಹತ್ತಿರ ಓಮ್ನಿ ಕೆಟ್ಟು ನಿಂತಿತು. ಜ್ಞಾನೇಶನ ವರ್ಕ್‌ಶಾಪಿನವರೇ ಬಂದು ಅವನ ಜೊತೆ ಸೇರಿ ತಳ್ಳಿದರು. ಶಿವಮೊಗ್ಗ ತಲುಪಿದ್ದೇ, ಗಾಡಿಯ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಅವನು ಮಗಳ ಕೈ ಹಿಡಿದು ಕೋರ್ಟಿಗೆ ಓಡಿದ. ಅಮೂಲ್ಯ ಆಗಲೇ ಬಂದು ಕೂತಿದ್ದಳು. ಸ್ಪಂದನಾ ಅಮ್ಮನನ್ನೂ ನೋಡಿದಳು, ಅಪ್ಪನನ್ನೂ ನೋಡಿದಳು. ಯಾರ ಹತ್ತಿರ ಕೂರಬೇಕೋ ತಿಳಿಯದೆ ನಿಂತೇ ಇದ್ದಳು.

"ನಮ್ಮನೆ ಹುಡುಗಿ ಸ್ವಾಮಿ!" ಬಸವರಾಜೇಶ್ವರಮ್ಮ ಶುರುವಿನಲ್ಲೇ ಗಟ್ಟಿಯಾಗಿ ಹೇಳಿದರು. ಜಡ್ಜ್ ತಲೆಯಾಡಿಸಿ ಬರೆದುಕೊಂಡರು. ಅಲ್ಲಿಗೆ ಗೆದ್ದೆವು ಅಂದುಕೊಂಡ ಜ್ಞಾನೇಶ್.

ಅಮೂಲ್ಯಳ ವಕೀಲರು ಎದ್ದರು. "ಮಗುಗೆ ಅಪ್ಪನ ಮನೇಲಿ ಊಟ ತಿಂಡಿ ಸರಿಯಾಗಿಲ್ವಂತೆ?"

"ಯಾವ ಬಾಯಲ್ಲಿ ಹೇಳ್ತೀರ್ರೀ?" ಬಸವರಾಜೇಶ್ವರಮ್ಮ ಕೆರಳಿದರು. "ಬಂದ ದಿನದಿಂದ ಒಂದೊಂದು ದಿನ ಒಂದೊಂದು ಮನೇಲಿ ಊಟ! ನಾನಂತೂ ಅವಳು ಬಂದಾಗಲೆಲ್ಲ ತುಪ್ಪ ಸುರಿದು ಹೋಳಿಗೆ ಹಾಕಿದೀನಿ. ಕೇಳಿ ಬೇಕಾದ್ರೆ!"

"ನಿಮ್ಮ ಮೊಮ್ಮಕ್ಕಳಿಗೂ ಹೀಗೇ ಮಾಡ್ತೀರಾ?"

ಹೂವಪ್ಪ ಹಿಂದಿನಿಂದ ಕೆಮ್ಮಿದ. ಬಸವರಾಜೇಶ್ವರಮ್ಮ ಕೇಳಿಸಿಕೊಂಡರೆ ತಾನೆ?

"ಮನೆ ಮಕ್ಕಳಿಗೆ ಯಾರ್ರೀ ದಿನಾ ಹೋಳಿಗೆ ಮಾಡ್ತಾರೆ? ಅವಕ್ಕೆ ತಂಗಳನ್ನದ ಚಿತ್ರಾನ್ನ. ಹೋಳಿಗೆ ಮಾಡೋದು ಮನೆಗೆ ಬಂದ ನೆಂಟ್ರಿಗೆ!"

ಜಡ್ಜ್ 'ನೆಂಟರು' ಅನ್ನೋದನ್ನೂ ಬರೆದುಕೊಂಡರು. ಪ್ರಸನ್ನಕುಮಾರ್ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಕೇಸು ಹೊಸೂರಿನಲ್ಲೇ ನಡೆಯಲಿ ಅಂದರು ಜಡ್ಜ್. ಮಗು ತಾಯಿಯ ಜೊತೆ ಹೊರಡಬೇಕಾಯಿತು.

ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಸವರಾಜೇಶ್ವರಮ್ಮ ಅಳುತ್ತಾ ಕ್ಯಾರಿಯರ್ ಅನ್ನು ಮಗುವಿನ ಕೈಗಿಟ್ಟರು. ಒಳಗೆ ಹೋಳಿಗೆಯೇ. ಜ್ಞಾನೇಶ್ ಗ್ರೀಸ್ ಮೆತ್ತಿದ ತೋಳಿನಲ್ಲೇ ಕಣ್ಣು ಒರೆಸಿಕೊಂಡ.

ಬಸ್ಸು ಹೊರಟಾಗ ಸ್ಪಂದನಾ ಕಿಟಕಿಯಿಂದ ಬಗ್ಗಿ, ಅವನ ಅಂಗಿಯ ತೋಳು ಹಿಡಿದಳು.

"ಅಳಬೇಡ ಅಪ್ಪ. ಹೊಸೂರಿಗೆ ಬಾ. ಅಮ್ಮನಿಗೆ ಹೇಳಿ ನಿಂಗೂ ಹೋಳಿಗೆ ಮಾಡಿಸ್ತೀನಿ."